ಆಟೋ ಮೈಕಿನ ಗಂಡ ಹೆಂಡತಿ

ಇವತ್ತು ನನ್ನ ಪಾಡಿಗೆ ನಾನು ಸುಮ್ಮನಿರಬೇಕು ಅಂತ ಅಂದುಕೊಂಡ ದಿನವೇ ಇಂಥದ್ದೊಂದು ಆಗಿರುತ್ತದೆ. ನಾನೇನು ಹುಡುಕಿಕೊಂಡು ಹೋಗುವುದಿಲ್ಲ. ಆಟೋದ ಹಿಂದೆ ನಾಯಿ ಓಡಿಬರುವ ಹಾಗೆ ಇಂಥ ಪ್ರಸಂಗಗಳು ತಾವೇ ಬರುತ್ತವೆ. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ನಡೆದದ್ದು. ಉಳಿದ ಕಾಲು ಪಾಲು ನಡೆಯಬೇಕಿತ್ತು, ಯಾಕೋ ನಡೆಯಲಿಲ್ಲ. ಅದನ್ನು ನಾನೇ ಸೇರಿಸಿದ್ದೇನೆ.

ಹೊಸಪೇಟೆಯಲ್ಲಿ ನನ್ನ ಮುಖ ಗೊತ್ತಿರುವವರು ಹತ್ತು ಮಂದಿ ಇದ್ದರೆ ಹೆಚ್ಚು. ಧ್ವನಿ ಮಾತ್ರ ತೋರಣಗಲ್ಲಿಗೆ ಶಿಫ್ಟ್ ಬಸ್ಸು ಹತ್ತುವವರಿಂದ ಹಿಡಿದು ಕಂಪ್ಲಿ ಸಂತೆಯಲ್ಲಿ ಸೊಪ್ಪು ಮಾರುವವರ ತನಕ ಎಲ್ಲರಿಗೂ ಗೊತ್ತು. ನನ್ನದು ಪ್ರಚಾರದ ಆಟೋ. ಮೇಲೆ ಎರಡು ಮೈಕು, ಎರಡೂ ಪಕ್ಕಕ್ಕೆ ಫ್ಲೆಕ್ಸು, ನಡುವೆ ನಾನು. ಅಂಗಡಿಯವರಿಗೆ ಜಾಹೀರಾತು ಬರೆದುಕೊಡುತ್ತೇನೆ, ಅದರೊಳಗೆ ಗಂಡನಾಗಿ ಮಾತಾಡುತ್ತೇನೆ, ಆಮೇಲೆ ಅದನ್ನೇ ಹಾಕಿಕೊಂಡು ಊರೂರು ತಿರುಗುತ್ತೇನೆ.

ಹೆಂಡತಿಯಾಗಿ ಮಾತಾಡುವವರು ಸಂಡೂರಿನ ಅಂಗನವಾಡಿ ಟೀಚರ್ ಒಬ್ಬರು. ಹನ್ನೊಂದು ವರ್ಷದಿಂದ ನಾವು ಗಂಡ ಹೆಂಡತಿ. ಕುಕ್ಕರ್ ತಗೊಂಡಿದ್ದೇವೆ, ಫ್ರಿಜ್ ತಗೊಂಡಿದ್ದೇವೆ, ಪ್ರತಿ ಆಷಾಢಕ್ಕೂ ಸೀರೆ ಅಂಗಡಿಗೆ ನುಗ್ಗಿದ್ದೇವೆ, ಒಬ್ಬಳೇ ಮಗಳ ಮದುವೆಯನ್ನು ಎರಡು ಕಲ್ಯಾಣ ಮಂಟಪಗಳಲ್ಲಿ ಮಾಡಿದ್ದೇವೆ. ಆದರೆ ಕೂತು ಒಂದು ಮಾತಾಡಿಲ್ಲ. ಭಾನುವಾರ ಜನ ಮನೆಯಲ್ಲಿರುತ್ತಾರಾದ್ದರಿಂದ ನಾನು ಆಟೋದಲ್ಲಿರಬೇಕು. ಟೀಚರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಹಾಗಾಗಿ ಹೆಂಡತಿಯ ಮಾತು ಭಾನುವಾರ, ಗಂಡನ ಮಾತು ಗುರುವಾರ. ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯ ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಸಂಸಾರ ಮಾಡಿಸುತ್ತಾನೆ. ಒಂದೇ ಒಂದು ಸಲ ಸ್ಟುಡಿಯೋ ಬಾಗಿಲಲ್ಲಿ ಎದುರಾಗಿದ್ದರು. "ನಮಸ್ಕಾರ್ರಿ" ಅಂದರು. ನಾನೂ ಅಂದೆ. ಅಷ್ಟೇ.

ಅವರಿಗೆ ಮದುವೆಯಾಗಿಲ್ಲ, ತಮ್ಮನ ಮನೆಯಲ್ಲಿದ್ದಾರೆ ಅಂತ ಗೆಳೆಯ ಹೇಳಿದ್ದ. ನನಗೂ ಆಗಿಲ್ಲ. ಐವತ್ತೆರಡು ನನಗೆ. ಚಿತ್ತವಾಡ್ಗಿಯಲ್ಲಿ ಒಂದು ರೂಮು, ಒಂದು ತಟ್ಟೆ, ಒಂದು ಲೋಟ. ನನಗೆ ಬೇಕಿದ್ದದ್ದು ಇಷ್ಟೇ: ಒಂದು ದಿನ ಟೀಚರ್ ಎದುರಿಗೆ ಕೂತು ಊಟ ಮಾಡಬೇಕು. ಕೇಳುವುದಕ್ಕೆ ಹನ್ನೊಂದು ವರ್ಷ ಧೈರ್ಯ ಬರಲಿಲ್ಲ. ಊರಿಗೆಲ್ಲ ಕೇಳುವಂತೆ ಒದರುವುದು ಸುಲಭ. ಒಬ್ಬರಿಗೆ ಕೇಳುವಂತೆ ಹೇಳುವುದು ನನಗೆ ಬರುವುದಿಲ್ಲ.

ಎಲ್ಲಾ ಅದ ಮಾಡ್ತೈತಿ

ನಮ್ಮನ್ನು ಊರಿಗೆ ಗುರುತು ಮಾಡಿಸಿದ್ದು ಕುಕ್ಕರ್. ಹೊಸಪೇಟೆಯ ಪಾತ್ರೆ ಅಂಗಡಿಯವರೊಬ್ಬರು ಸೀಟಿ ಹೊಡೆದು ತಾನೇ ಆರಿಹೋಗುವ ಕರೆಂಟಿನ ಕುಕ್ಕರ್ ತರಿಸಿದ್ದರು. ನಾನು ಬರೆದದ್ದರಲ್ಲಿ ಗಂಡ, "ನಾ ಏನರ ಸಹಾಯ ಮಾಡ್ಲಾ?" ಅಂತ ಕೇಳುತ್ತಾನೆ. ಹೆಂಡತಿ ಕುಕ್ಕರಿನ ಗುಣಗಾನವನ್ನು ಅರ್ಧ ಪುಟ ಹೇಳಬೇಕಿತ್ತು. ಟೀಚರ್ ಆ ಭಾನುವಾರ ಬಂದು ಅರ್ಧ ಪುಟವನ್ನು ಪಕ್ಕಕ್ಕಿಟ್ಟು, "ನೀವು ಸುಮ್ನ ಕುಂದ್ರಿ, ಎಲ್ಲಾ ಅದ ಮಾಡ್ತೈತಿ" ಅಂತ ಅಂದು ಬಸ್ಸು ಹತ್ತಿ ಹೋಗಿಬಿಟ್ಟರು. ಇಷ್ಟು ವರ್ಷ ಆ ಸಾಲು ನನ್ನದು ಅಂತ ಎಲ್ಲರ ಹತ್ತಿರ ಹೇಳಿಕೊಂಡಿದ್ದೇನೆ. ಇಲ್ಲಿ ಮಾತ್ರ ಒಪ್ಪಿಕೊಂಡೆ.

ತಿಂಗಳೊಳಗೆ ಊರಿನ ಬಾಯಲ್ಲೆಲ್ಲ ಅದೇ. ಬ್ಯಾಂಕಿನ ಕೌಂಟರಿನಲ್ಲಿ ಕಂಪ್ಯೂಟರ್ ನಿಂತುಹೋದರೆ ಗುಮಾಸ್ತರು ಅದನ್ನೇ ಹೇಳಿದರು. ಬೀಗರು ಅಡುಗೆಮನೆಗೆ ಇಣುಕಿದರೆ ಅಡುಗೆಯವರು ಅದನ್ನೇ ಹೇಳಿದರು. ಹಲ್ಲು ಕೀಳಿಸಿಕೊಳ್ಳಲು ಹೋದ ನನ್ನ ಗೆಳೆಯನಿಗೆ ಡಾಕ್ಟರು ಇಕ್ಕಳ ಹಿಡಿದುಕೊಂಡು ಅದನ್ನೇ ಹೇಳಿದರಂತೆ. ಅವನು ಕುರ್ಚಿಯಿಂದ ಎದ್ದು ಬಂದ.

ಒಂದು ದಿನ ಆಟೋ ರಿಪೇರಿಗೆ ಬಿಟ್ಟು ಖಾಸಗಿ ಬಸ್ಸಿನಲ್ಲಿ ಸಂಡೂರು ಕಡೆ ಹೊರಟಿದ್ದೆ. ಇಳಿಜಾರಿನ ತಿರುವಿನಲ್ಲಿ ಎದುರಿಗೆ ಅದಿರಿನ ಲಾರಿಗಳ ಸಾಲು. ನಮ್ಮ ಡ್ರೈವರ್ ಎರಡೂ ಕೈ ಬಿಟ್ಟು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮುಂದೆ ಕೂತ ಹಿರಿಯರೊಬ್ಬರು, ಲೇ ತಮ್ಮ, ಸ್ಟೇರಿಂಗ್ ಹಿಡಿ ಅಂದರು. ಅವನು ತಿರುಗಿ ನೋಡಿ, "ನೀವು ಸುಮ್ನ ಕುಂದ್ರಿ, ಎಲ್ಲಾ ಅದ ಮಾಡ್ತೈತಿ" ಅಂದ.

ಬಸ್ಸಿಗೆ ಬಸ್ಸೇ ನಕ್ಕಿತು. ಆ ಜಾಹೀರಾತಿನ ಗಂಡನೊಬ್ಬನೇ ಕಂಬಿ ಹಿಡಿದುಕೊಂಡು ಎದ್ದು ನಿಂತಿದ್ದ.

ಕಂಪ್ಲಿಯ ಭಾನುವಾರ

ಕಂಪ್ಲಿಯ ಅಕ್ಕಿ ಗಿರಣಿ ಧಣಿಯೊಬ್ಬರು ತಮ್ಮ ಅಕ್ಕಿಗೆ ಹೊಸ ಚೀಲ, ಹೊಸ ಹೆಸರು ಮಾಡಿಸಿದ್ದರು. ಭಾನುವಾರ ಮನೆಮನೆಗೆ ಒಂದೊಂದು ಪಾವು ಪುಕ್ಕಟೆ ಹಂಚುವುದು ಅಂತ ಮಾಡಿದೆವು. ಧಣಿಗೆ ನಾನು ಹೇಳಿದೆ: ಮೊದಲೇ ಅಕ್ಕಿ ಅಂತ ಹೇಳಬಾರದು, ಜನಕ್ಕೆ ಕುತೂಹಲ ಹುಟ್ಟಬೇಕು, ದೊಡ್ಡ ದೊಡ್ಡ ಕಂಪನಿಗಳು ಹಾಗೇ ಮಾಡುವುದು. ದೊಡ್ಡ ಕಂಪನಿ ಅಂದ ಕೂಡಲೇ ಧಣಿ ಒಪ್ಪಿದರು.

ಅಕ್ಕಿಯೇ ಹೆಣ್ಣಾಗಿ ಮಾತಾಡುವಂತೆ ಬರೆದೆ. ಟೀಚರ್ ಧ್ವನಿಯಲ್ಲಿ ಮೂರು ದಿನ ಕಂಪ್ಲಿಯ ಓಣಿ ಓಣಿಯಲ್ಲಿ ಆಟೋ ತಿರುಗಿಸಿದೆ. "ಐತವಾರ ಎಲ್ಲೂ ಹೋಗಬ್ಯಾಡ್ರಿ. ಮನ್ಯಾಗ ಇರ್ರಿ. ನಾ ಬರ್ತೀನಿ." ಹಿಂದಿಲ್ಲ, ಮುಂದಿಲ್ಲ, ಇಷ್ಟೇ.

ಕುತೂಹಲ ಹುಟ್ಟಲಿಲ್ಲ, ಗಾಬರಿ ಹುಟ್ಟಿತು. ಮನೆಯಲ್ಲಿರಿ ಅಂತ ಆಟೋದಲ್ಲಿ ಕೂಗಿಸಿಕೊಂಡ ನೆನಪು ಜನಕ್ಕೆ ಇನ್ನೂ ಹಸಿಯಾಗಿತ್ತಲ್ಲ. ಅರ್ಧ ಊರು ಲಾಕ್‌ಡೌನ್ ಮತ್ತೆ ಬಂತು ಅಂದಿತು. ಉಳಿದ ಅರ್ಧ, ಈ ಸಲ ರೋಗವೇ ಹೆಣ್ಣಾಗಿ ಬಂದು ಹೇಳಿ ಹೋಗುತ್ತಿದೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತು. ಶನಿವಾರ ಸಂಜೆಯೊಳಗೆ ಕಿರಾಣಿ ಅಂಗಡಿಗಳಲ್ಲಿ ಎಣ್ಣೆ, ಬೇಳೆ, ಸೋಪು ಖಾಲಿ. ಅಕ್ಕಿಯಂತೂ ಒಂದು ಕಾಳು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಧಣಿಯ ಆಳುಗಳು ಪುಕ್ಕಟೆ ಅಕ್ಕಿ ಹಿಡಿದುಕೊಂಡು ಹೋದರೆ, ಮನೆಮನೆಯಲ್ಲೂ ಸೂರಿನ ತನಕ ಬೇರೆಯವರ ಅಕ್ಕಿ ಚೀಲ. ಧಣಿ ಫೋನ್ ಮಾಡಿದರು. ಬೈಯಲಿಲ್ಲ, ಧ್ವನಿ ಸಣ್ಣದಾಗಿತ್ತು.

"ಏನಪ, ನಂದೊಂದು ಬಿಟ್ಟು ಊರಾನ ಎಲ್ಲಾರ ಅಕ್ಕಿ ಮಾರಿಸಿದೆಲ್ಲ. ಅವರ ಕಡೀಗೆ ಹೋಗಿ ನಿನ್ನ ಕೂಲಿ ಇಸಗೋ."

ಆ ಭಾನುವಾರ ಕಂಪ್ಲಿ ಕಡೆ ತಲೆಹಾಕಬೇಡ ಅಂತ ಧಣಿ ನನಗೆ ಅಂದಿದ್ದರಿಂದ ಎಷ್ಟೋ ವರ್ಷದ ಮೇಲೆ ಭಾನುವಾರ ರೂಮಿನಲ್ಲಿದ್ದೆ. ಮಾಡಲು ಕೆಲಸವಿಲ್ಲದೆ ಮೊಬೈಲಿನಲ್ಲಿ ಆ ಜಾಹೀರಾತನ್ನೇ ಹಾಕಿದೆ. ಎಲ್ಲೂ ಹೋಗಬ್ಯಾಡ್ರಿ, ನಾ ಬರ್ತೀನಿ. ಇನ್ನೊಂದು ಸಲ ಹಾಕಿದೆ. ಬರೆದವನು ನಾನೇ. ಆದರೂ ಎದ್ದು ಕಸ ಹೊಡೆದೆ. ಅಂಗಡಿಗೆ ಹೋಗಿ ಇನ್ನೊಂದು ತಟ್ಟೆ ತಂದೆ. ಅನ್ನ ಸಾರು ಮಾಡಿಟ್ಟು ಬಾಗಿಲು ತೆರೆದು ಕೂತೆ.

ಮಧ್ಯಾಹ್ನ ಎರಡಕ್ಕೆ ಬಂತು, ಮನೆ ಮಾಲೀಕರ ಮೇಕೆ. ಹೊಸ ತಟ್ಟೆಯಲ್ಲಿ ಅದಕ್ಕೇ ಬಡಿಸಿದೆ. ಸಾರು ಮುಟ್ಟಲಿಲ್ಲ. ನನ್ನ ಅಡುಗೆ ಅದಕ್ಕೂ ಗೊತ್ತಾಗಿತ್ತು.

ಜೋಡಿ ಎಣಿಕೆ

ಹಂಪಿಯಲ್ಲಿ ಗೋಲಿ ಸೋಡಾ ಮಾರುವವನೊಬ್ಬ ನನ್ನ ಹತ್ತಿರ ಬಂದು ಅತ್ತುಕೊಂಡ. ಎಲ್ಲರೂ ಬಾಟ್ಲಿ ನೀರು ತರುತ್ತಾರೆ, ಸೋಡಾ ಯಾರೂ ಕೇಳುವುದಿಲ್ಲ ಅಂತ. ಅವನಿಗೆ ಒಂದು ಬೋರ್ಡು ಬರೆದುಕೊಟ್ಟೆ. ಗಂಡ ಹೆಂಡತಿ ಇಬ್ಬರೂ ಮನಸ್ಸಿನಲ್ಲೇ ಮೆಟ್ಟಿಲು ಎಣಿಸುತ್ತ ಮಾತಂಗ ಬೆಟ್ಟ ಹತ್ತಬೇಕು. ಇಳಿದು ಬಂದು ಬೇರೆ ಬೇರೆಯಾಗಿ ಕಿವಿಯಲ್ಲಿ ಹೇಳಬೇಕು. ಎರಡೂ ಎಣಿಕೆ ಒಂದೇ ಆದರೆ ಸೋಡಾ ಪುಕ್ಕಟೆ.

ಆ ಬೆಟ್ಟದಲ್ಲಿ ಯಾವುದು ಮೆಟ್ಟಿಲು, ಯಾವುದು ಬರೀ ಬಂಡೆ ಅಂತ ಹೇಳುವುದು ಕಷ್ಟ. ಅದು ನನಗೆ ಗೊತ್ತಿತ್ತು. ಒಂದು ಜೋಡಿಯದೂ ತಾಳೆಯಾಗಲಿಲ್ಲ. ಅದು ಮೆಟ್ಟಿಲೇ ಅಲ್ಲ ಅಂತ ಗಂಡ, ನೀವು ಯಾವತ್ತು ಸರಿಯಾಗಿ ನೋಡಿದ್ದೀರಿ ಅಂತ ಹೆಂಡತಿ. ಜಗಳಾಡಿ ಗಂಟಲು ಒಣಗಿ ಇಬ್ಬರೂ ಒಂದೊಂದು ಸೋಡಾ ದುಡ್ಡು ಕೊಟ್ಟೇ ಕುಡಿಯುತ್ತಿದ್ದರು.

ಆಮೇಲೆ ಮರೆತಿದ್ದೆ. ಹೋದ ವರ್ಷ ಬೇಜಾರಾಗಿ ಒಬ್ಬನೇ ಹಂಪಿಗೆ ಹೋದಾಗ ಬೆಟ್ಟದ ಬುಡದಲ್ಲಿ ಗೈಡ್ ಒಬ್ಬ ಹಿಂದೆ ಬಿದ್ದ. ಜೋಡಿ ಎಣಿಕೆ ಮಾಡಿ ಸರ್, ರಾಜರ ಕಾಲದಿಂದ ನಡೆದು ಬಂದದ್ದು, ರಾಜ ರಾಣಿ ಇಬ್ಬರೂ ಎಣಿಸುತ್ತಿದ್ದರು ಅಂದ. ತಾಳೆಯಾದರೆ ಏನು ಕೊಡುತ್ತಿದ್ದರಪ್ಪ ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಸೋಡಾ ಅಂದ. ನಾನು ಮುಖ ನೋಡಿದ ಮೇಲೆ, ಆಗ ಪಾನಕ ಇತ್ತು ಸರ್ ಅಂತ ತಿದ್ದಿದ.

ಹತ್ತಿ ಇಳಿದು ಬಂದೆ. ನಿಮ್ಮ ಎಣಿಕೆ ಹೇಳಿ ಸರ್, ಮೇಡಂ ಎಲ್ಲಿ ಅಂತ ಕೇಳಿದ. ಒಬ್ಬನೇ ಬಂದಿದ್ದೇನೆ ಅಂದೆ.

"ಹಂಗಾರ ನಿಮ್ದು ತಾಳಿ ಆದಂಗ ಸರ್" ಅಂತ ಸೋಡಾ ಒಡೆಸಿ ಕೈಗೆ ಕೊಟ್ಟ. ಇಷ್ಟು ವರ್ಷದಲ್ಲಿ ಆ ಪುಕ್ಕಟೆ ಸೋಡಾ ಗೆದ್ದವನು ನಾನೊಬ್ಬನೇ ಅಂತೆ.

ಕುಕ್ಕರ್ ಗಂಡ

ಹೋದ ತಿಂಗಳು ಸ್ಟುಡಿಯೋ ಗೆಳೆಯ ಕರೆದು, ಲೇ, ಇನ್ನು ಮೇಲೆ ಬರೆದು ಹಾಕಿದರೆ ಕಂಪ್ಯೂಟರೇ ಮಾತಾಡುತ್ತದೆ, ಗಂಡನೂ ಅದೇ, ಹೆಂಡತಿಯೂ ಅದೇ ಅಂದ. ಒಪ್ಪಿಕೊಂಡಿರುವ ಒಂದು ಕೆಲಸ ಮುಗಿದರೆ ನಿಮ್ಮಿಬ್ಬರನ್ನೂ ಕರೆಯುವ ಅಗತ್ಯವಿಲ್ಲ ಅಂತ ಅದರ ಅರ್ಥ. ಅಂದರೆ ಟೀಚರ್ ಇನ್ನು ಹೊಸಪೇಟೆಗೆ ಬರುವುದಿಲ್ಲ.

ಅವತ್ತೇ ಸೀರೆ ಅಂಗಡಿಯ ಹಳೇ ಜಾಹೀರಾತು ಹಾಕಿಕೊಂಡು ಸಂಡೂರಿಗೆ ಹೊರಟೆ. ಯಾವ ಅಂಗಡಿಯವರೂ ಹೇಳಿರಲಿಲ್ಲ, ನೆಪಕ್ಕೆ. ಅಂಗನವಾಡಿ ಮುಂದೆ ಆಟೋ ನಿಲ್ಲಿಸುವುದು, ಟೀಚರ್ ಹೊರಗೆ ಬರುವುದು, ಊಟಕ್ಕೆ ಬರ್ರಿ ಅಂತ ಕೇಳುವುದು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ. ಸಂಡೂರು ಮುಟ್ಟುವುದರೊಳಗೆ ನಾನೂ ಆಟೋನೂ ಧೂಳಿನಲ್ಲಿ ಕೆಂಪಾಗಿದ್ದೆವು.

ಓಣಿ ಗೊತ್ತಾಗಲಿಲ್ಲ. ಮೈಕ್ ಬಂದ್ ಮಾಡಿ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಅಜ್ಜಿಯನ್ನು ಅಂಗನವಾಡಿ ಎಲ್ಲಿ ಅಂತ ಕೇಳಿದೆ. ಅಜ್ಜಿ ಕೈ ನಿಲ್ಲಿಸಿ ಕಣ್ಣು ಮುಚ್ಚಿ, ಇನ್ನೊಂದು ಸಲ ಹೇಳು ಅಂದಳು. ಹೇಳಿದೆ.

"ನೀನ ಅಲ್ಲೇನ, ಆ ಕುಕ್ಕರ್ ಗಂಡ?"

ಹೌದು ಅಂದದ್ದು ನನ್ನ ತಪ್ಪು. ಅಜ್ಜಿ ಎದ್ದು ನಿಂತಳು. ಹೆಂಡತಿಯನ್ನು ತಮ್ಮನ ಮನೆಯಲ್ಲಿ ಬಿಟ್ಟು ಇಷ್ಟು ವರ್ಷ ಎಲ್ಲಿ ತಿರುಗಲು ಹೋಗಿದ್ದೆ ಅಂತ ಶುರುಮಾಡಿದಳು. ನಾಲ್ಕು ಮನೆಯ ಹೆಂಗಸರು ಕೂಡಿದರು. ಒಬ್ಬಳು, ಟೀಚರ್ ಪಾಪ ಎಂದೂ ನಿನ್ನ ಹೆಸರೆತ್ತಿ ದೂರಿಲ್ಲ ಅಂದಳು. ಇನ್ನೊಬ್ಬಳು, ಮಗಳ ಲಗ್ನ ಅಂತ ಮೈಕಿನಲ್ಲಿ ಊರಿಗೆಲ್ಲ ಹೇಳಿದೆ, ನಮ್ಮ ಓಣಿಗೆ ಒಂದು ಕಾರ್ಡು ಕೊಟ್ಟೆಯೇನು ಅಂತ ಕೇಳಿದಳು. ಅದು ಜಾಹೀರಾತು ರೀ ಅಂದರೆ ಯಾರ ಕಿವಿಗೆ ಬೀಳಬೇಕು. ನಾನು ಆಟೋ ತಿರುಗಿಸಲು ನೋಡಿದೆ. ಗಡಿಬಿಡಿಯಲ್ಲಿ ಕೈ ತಗುಲಿ ಮೈಕ್ ಶುರುವಾಯಿತು. ಈ ಆಷಾಢಕ್ಕೆ ನಿನಗೆಂಥ ಸೀರೆ ಕೊಡಿಸಲಿ ಅಂತ ನನ್ನದೇ ಧ್ವನಿ ಓಣಿಗೆಲ್ಲ ಕೇಳಿಸಿತು.

ಅಜ್ಜಿ ಆಟೋದ ಕಂಬಿ ಹಿಡಿದುಕೊಂಡಳು.

"ಹತ್ತು ವರ್ಸದಿಂದ ಕೊಡಸ್ತೀನಿ ಕೊಡಸ್ತೀನಿ ಅಂತ ಒದರಾಕತ್ತಿ. ಒಂದರ ಕೊಡಿಸಿದೇನ ನನ ಭಾಡ್ಯಾ?"

ಟೀಚರ್ ಮುಖ ನೋಡದೆ ವಾಪಸ್ ಬಂದೆ. ಬಂಡ್ರಿ ಕಡೆಯ ರಸ್ತೆ ಹಿಡಿದು ಸುತ್ತಿಕೊಂಡು ಬಂದೆ. ಆ ಓಣಿಯನ್ನು ಮತ್ತೆ ದಾಟುವ ಧೈರ್ಯ ಇರಲಿಲ್ಲ.

ಜಗಳ

ಉಳಿದಿದ್ದ ಒಂದು ಕೆಲಸ ಹಾಸಿಗೆ ಅಂಗಡಿಯದು. ಅದಕ್ಕೆ ನಾನು ಬೇಕೆಂದೇ ಜಗಳ ಬರೆದೆ. ಗಂಡ ಹೆಂಡತಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡಬೇಕು, ಹೊಸ ಹಾಸಿಗೆ ಬಂದ ಕೂಡಲೇ ತಣ್ಣಗಾಗಬೇಕು. ಇಂಥ ಜಗಳವನ್ನು ಬೇರೆ ಬೇರೆ ದಿನ ರೆಕಾರ್ಡ್ ಮಾಡಲು ಬರುವುದಿಲ್ಲ, ಇಬ್ಬರೂ ಒಟ್ಟಿಗೇ ಕೂರಬೇಕು ಅಂತ ಗೆಳೆಯನಿಗೆ ವಾದಿಸಿದೆ. ಅವನು ನನ್ನ ಮುಖವನ್ನೇ ನೋಡಿ, ಐತವಾರ ಬಾ ಅಂದ. ಅವನಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ.

ಇಲ್ಲಿ ನಮ್ಮ ಕೆಲಸದ ಒಂದು ರೀತಿ ಹೇಳಬೇಕು. ಬೇರೆ ಬೇರೆ ದಿನ ಮಾತಾಡುವಾಗ, ನಾನೊಂದು ಸಾಲು ಹೇಳಿ ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಮುಂದಿನ ಸಾಲು ಹೇಳುತ್ತೇನೆ. ಆ ಖಾಲಿ ಜಾಗದಲ್ಲಿ ಗೆಳೆಯ ಟೀಚರ್ ಮಾತು ಕೂರಿಸುತ್ತಾನೆ. ನಾವು ಅದಕ್ಕೆ ಗ್ಯಾಪ್ ಅನ್ನುತ್ತೇವೆ. ಹನ್ನೊಂದು ವರ್ಷ ಗ್ಯಾಪ್ ಬಿಟ್ಟೂ ಬಿಟ್ಟೂ ಅದು ನನ್ನ ನಾಲಿಗೆಗೇ ಹತ್ತಿಬಿಟ್ಟಿದೆ. ಔಷಧಿ ಅಂಗಡಿಯಲ್ಲಿ, ತಲೆನೋವಿಗೆ ಮಾತ್ರೆ ಕೊಡಿ ಅಂತ ಹೇಳಿ ಮೂರು ಎಣಿಸುತ್ತೇನೆ. ಎಷ್ಟು ಅಂತ ಅವರು ಕೇಳಿದರೆ ಮತ್ತೆ ಮೂರು ಎಣಿಸುತ್ತೇನೆ. ಪಾಪ, ಕಿವಿ ಕೇಳಿಸದು ಅಂದುಕೊಂಡು ಕೈಸನ್ನೆ ಮಾಡುತ್ತಾರೆ. ರೂಮಿನಲ್ಲಿ ಒಬ್ಬನೇ ಇದ್ದಾಗ, ಇವತ್ತು ಏನು ಅಡುಗೆ ಮಾಡೋಣ ಅಂತ ಜೋರಾಗಿ ಅಂದು ಅಲ್ಲೂ ಗ್ಯಾಪ್ ಬಿಡುತ್ತೇನೆ. ಆಮೇಲೆ ಉಪ್ಪಿಟ್ಟು ಮಾಡುತ್ತೇನೆ.

ಭಾನುವಾರ ಟೀಚರ್ ಬಂದರು. ಹಸಿರು ಸೀರೆ, ಹೆಗಲಿಗೊಂದು ಬಟ್ಟೆ ಚೀಲ. ಒಂದೇ ಮೈಕಿನ ಆಚೆ ಈಚೆ ಕೂತೆವು. ಗೆಳೆಯ ಕೈ ಎತ್ತಿದ. ನಾನು, ಏನ ಇದು, ರಾತ್ರಿಯೆಲ್ಲ ಬೆನ್ನು ನೋಯುತ್ತದೆ, ಇದೇನು ಹಾಸಿಗೆಯೋ ಕಲ್ಲುಬಂಡೆಯೋ ಅಂತ ಗುಡುಗಿದೆ. ಟೀಚರ್ ಮಾತಾಡಲಿಲ್ಲ. ಒಂದು, ಎರಡು, ಮೂರು. ಆಮೇಲೆ, ತಂದವರು ಯಾರು ನೀವೇ ಅಲ್ಲವೇ ಅಂತ ಸಿಡುಕಿದರು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಒಂದು, ಎರಡು, ಮೂರು.

ಆಗ ತಿಳಿಯಿತು, ಆ ರೋಗ ಅವರಿಗೂ ಹತ್ತಿದೆ ಅಂತ.

ಆರು ಸಲ ಮಾಡಿಸಿದ. ಆರು ಸಲವೂ ಹಾಗೇ. ಒಬ್ಬರು ಬೈದು ಮುಗಿಸುವ ತನಕ ಇನ್ನೊಬ್ಬರು ಕಾಯುವುದು, ಮುಗಿದ ಮೇಲೂ ಮರ್ಯಾದೆಗೆ ಇನ್ನಷ್ಟು ಕಾಯುವುದು. ಗೆಳೆಯ ಕಿವಿಯಿಂದ ಹೆಡ್‌ಫೋನ್ ಕಿತ್ತಿಟ್ಟು, "ಇದು ಜಗಳನೋ, ಲಗ್ನದ ಮಾತುಕತಿನೋ?" ಅಂದ. ಟೀಚರ್ ತಲೆ ತಗ್ಗಿಸಿ ನಕ್ಕರು. ಕೊನೆಗೆ ಗ್ಯಾಪನ್ನೆಲ್ಲ ತಾನೇ ಕತ್ತರಿಸಿಕೊಳ್ಳುತ್ತೇನೆ, ನೀವು ಹೋಗಿರಿ ಅಂತ ಹೊರಗೆ ಕಳಿಸಿದ.

ಹೊರಗೆ ಬಿಸಿಲು. ಟೀಚರ್ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡ್ ಕಡೆ ನೋಡಿದರು. ಈ ಹೊತ್ತು ಹೋದರೆ ಮತ್ತೆ ಇಲ್ಲ ಅಂತ ನನಗೆ ಗೊತ್ತಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತು, "ಊಟ ಮಾಡ್ಕೊಂಡು ಹೋಗೂಣ ಬರ್ರಿ" ಅಂದುಬಿಟ್ಟೆ.

ಅವರು ಸುಮ್ಮನೆ ನಿಂತರು. ನನಗೆ ತಡೆಯಲಾಗಲಿಲ್ಲ. ಇರಲಿ ಬಿಡಿ, ಬಸ್ಸಿಗೆ ಹೊತ್ತಾಗುತ್ತದೆ, ಸುಮ್ಮನೆ ತಮಾಷೆಗೆ ಕೇಳಿದೆ ಅಂತ ಗಡಿಬಿಡಿಯಲ್ಲಿ ಹೇಳಿ ನಕ್ಕೆ.

"ನಾ ಗ್ಯಾಪ್ ಬಿಟ್ಟಿದ್ನೆರೀ" ಅಂದರು ಟೀಚರ್. "ಹನ್ನೊಂದು ವರ್ಸ ಕಾದೀರಿ, ಮೂರು ಎಣಸಾಕ ಆಗಲಿಲ್ಲೇನ್ರಿ?"

ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಹೋದೆವು. ಎದುರುಬದುರು ಕೂತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ ಚಟ್ನಿ. ಹನ್ನೊಂದು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಖಾನಾವಳಿ ಅಕ್ಕ ರೊಟ್ಟಿ ಹಿಡಿದು ಬಂದು, ಇನ್ನೊಂದು ಹಾಕಲಾ ಅಂದಳು. ಸಾಕು ಅನ್ನುವುದಕ್ಕೆ ನಾನು ಮೂರು ಎಣಿಸುವಷ್ಟರಲ್ಲಿ ರೊಟ್ಟಿ ತಟ್ಟೆಗೆ ಬಿದ್ದಾಗಿತ್ತು. ಟೀಚರ್ ಕಡೆ ತಿರುಗಿದಳು. ಅಲ್ಲೂ ಅದೇ ಕಥೆ. ಮತ್ತೆ ಬಂದಳು, ಮತ್ತೆ ಬಿದ್ದವು. ಹೀಗೆ ನಾನು ಒಂಬತ್ತು ರೊಟ್ಟಿ ತಿಂದೆ, ಟೀಚರ್ ಏಳು. ಬೇಕಾದರೆ ಎರಡೆರಡು ಕಡಿಮೆ ಮಾಡಿಕೊಳ್ಳಿ.

ನಡುವೆ ಟೀಚರ್ ತಟ್ಟೆ ನೋಡುತ್ತ, ಇನ್ನು ಕಂಪ್ಯೂಟರೇ ಮಾತಾಡುತ್ತದಂತೆ, ಬರುವ ಭಾನುವಾರ ನನಗೆ ಇಲ್ಲಿ ಕೆಲಸವಿಲ್ಲ ಅಂದರು. ನನಗೂ ಇಲ್ಲ ಅಂದೆ. ಒಂದು, ಎರಡು, ಮೂರು.

"ಊಟ ಇರ್ತೈತಲ್ರಿ" ಅಂದರು.

ಖಾನಾವಳಿ ಅಕ್ಕ ಮತ್ತೆ ಬಂದು ನಿಂತಳು. ಸೆರಗಿನಿಂದ ಬೆವರು ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು. "ಇಬ್ಬರಾಗ ಯಾರರ ಒಬ್ಬರು ಸಾಕು ಅನ್ರಿ. ಒಳಗ ಹಿಟ್ಟು ಮುಗೀತು."

ನಾನು ಟೀಚರ್ ಕಡೆ ನೋಡಿದೆ. ಟೀಚರ್ ನನ್ನ ಕಡೆ ನೋಡಿದರು. ಇಬ್ಬರೂ ಅನ್ನಲಿಲ್ಲ.